ದೊಡ್ಡದಾಗಿ ಇಟ್ಟರೆ ಚೆಂದ, ಚಿಕ್ಕದು ಮಾಡಿದರೆ ಗೆರೆಗಳೇ ಮಾಯ. ಈ ಫಾಂಟ್ ಜೊತೆ ಏಗುವುದು ಹೇಗೆ?

ಪುಟಕಟ್ಟುವವ

ನಮಸ್ಕಾರ. ಒಂದು ತಲೆನೋವು ತಂದಿದ್ದೇನೆ.

ಗೆಳೆಯನ ಫೋಟೋ ಪ್ರದರ್ಶನಕ್ಕೆ 48 ಪುಟದ ಕೆಟಲಾಗ್ ಮಾಡಿಕೊಡುತ್ತಿದ್ದೇನೆ. ಬರಹ ಎಲ್ಲ ಇಂಗ್ಲಿಷ್, ಫೋಟೋ ಎಲ್ಲ ಕಪ್ಪು-ಬಿಳುಪು. ಅದಕ್ಕೆ ಹೊಂದಲಿ ಅಂತ ಬೊಡೋನಿ ಜಾತಿಯ ಒಂದು ಡಿಸ್‌ಪ್ಲೇ ಫಾಂಟ್ (ದೊಡ್ಡ ಅಳತೆಗೆಂದೇ ಮಾಡಿದ್ದು) ಆರಿಸಿಕೊಂಡೆ. ಗೊತ್ತಲ್ಲ, ನಿಂತ ಗೆರೆಗಳು ಕಂಬದ ಹಾಗೆ ದಪ್ಪ, ಅಡ್ಡಗೆರೆಗಳು ಕೂದಲೆಳೆಯಷ್ಟು ಸಣ್ಣ. ಫ್ಯಾಷನ್ ಪತ್ರಿಕೆಗಳ ಮುಖಪುಟದಲ್ಲಿ ಕಾಣುವಂಥದ್ದು. ಮುಖಪುಟಕ್ಕೆ 72 ಪಾಯಿಂಟಿನಲ್ಲಿ ಹೆಸರು ಇಟ್ಟೆ. ಬೇರೆ ಅಲಂಕಾರವೇ ಬೇಡ ಅನಿಸಿತು. ಸುಮ್ನೆ ನೋಡುತ್ತಾ ಕೂತೆ.

ಅಲ್ಲಿಗೇ ನಿಲ್ಲಿಸಬೇಕಿತ್ತು. ಆ ಖುಷಿಯಲ್ಲಿ ಫೋಟೋ ಅಡಿಬರಹಗಳಿಗೂ ಅದೇ ಫಾಂಟ್ ಹಾಕಿದೆ, 8 ಪಾಯಿಂಟಿನಲ್ಲಿ. ಅರ್ಧ ಪುಟಗಳಿಗೆ ಹಿನ್ನೆಲೆ ಕಪ್ಪು, ಅಕ್ಷರ ಬಿಳಿ. ಪರೀಕ್ಷೆಗೆ ಅಂತ ಒಂದು ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳು) ಅಚ್ಚು ಹಾಕಿಸಿದೆ. ನಿನ್ನೆ ಕೈಗೆ ಬಂತು.

ಸಣ್ಣ ‘ಇ’ ಅಕ್ಷರದ ನಡುವಿನ ಅಡ್ಡಗೆರೆ ಇಲ್ಲವೇ ಇಲ್ಲ, ಎಲ್ಲ ‘ಸಿ’ ಆಗಿಬಿಟ್ಟಿವೆ. ‘ಎನ್’ ಅಕ್ಷರದ ಮೇಲಿನ ಕಮಾನು ಕಳಚಿಕೊಂಡು ಎರಡು ಕಡ್ಡಿ ನಿಂತಿವೆ. ಒಡೆದ ಬಳೆಚೂರು ಸಾಲಾಗಿ ಜೋಡಿಸಿದ ಹಾಗಿದೆ. ಬಿಳಿ ಪುಟದ ಮೇಲಿನ ಕಪ್ಪು ಅಕ್ಷರ ಮಾತ್ರ ಪರವಾಗಿಲ್ಲ, ಸೊರಗಿದೆ ಆದರೆ ಓದಬಹುದು. ಪ್ರೆಸ್ಸಿನವರನ್ನು ಕೇಳಿದರೆ ಫೈಲ್ ಇದ್ದದ್ದೇ ಹಾಗೆ ಎನ್ನುತ್ತಾರೆ. ನಾನು ಪರದೆಯ ಮೇಲೆ 400 ಪರ್ಸೆಂಟ್ ಹಿಗ್ಗಿಸಿ ನೋಡಿದ್ದೆ, ಒಂದು ಗೆರೆಯೂ ತಪ್ಪಿರಲಿಲ್ಲ.

ತಪ್ಪು ಎಲ್ಲಾಯಿತು? ಇಂಥ ಫಾಂಟನ್ನು ಹೆಸರಿಗೆ ಬಿಟ್ಟು ಬೇರೆಲ್ಲೂ ಬಳಸುವ ಹಾಗೇ ಇಲ್ಲವಾ?

ಅವಸರದಬಣ್ಣ

ಅಕ್ಷರ ಸೆಲೆಕ್ಟ್ ಮಾಡಿ, ಬಿಳಿ ಬಣ್ಣದ್ದೇ 0.25 ಪಾಯಿಂಟ್ ಸ್ಟ್ರೋಕ್ (ಅಂಚುಗೆರೆ) ಕೊಡಿ. ಎರಡು ನಿಮಿಷದ ಕೆಲಸ. ನಾನು ಯಾವಾಗಲೂ ಹಾಗೇ ಮಾಡೋದು, ಯಾರೂ ಏನೂ ಅಂದಿಲ್ಲ.

ಮೊಳೆಪೆಟ್ಟಿಗೆ

ಯಾರೂ ಏನೂ ಅಂದಿಲ್ಲ ಅಂದರೆ ಯಾರೂ ಓದಿಲ್ಲ ಅಂತಲೂ ಇರಬಹುದು, ಅಲ್ವಾ? ಬೇಜಾರು ಮಾಡಿಕೊಳ್ಳಬೇಡಿ, ಸ್ಟ್ರೋಕ್ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪುಟಕಟ್ಟುವವರೇ, ನಾನು ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಕೆಲಸಕ್ಕೆ ಸೇರಿದವಳು. ಆಮೇಲೆ ಫಿಲ್ಮು, ಪ್ಲೇಟು, ಕಂಪ್ಯೂಟರು ಎಲ್ಲ ನೋಡಿದೆ. ನಿಮ್ಮ ಈ ‘ಇ’ ಹೋಗಿ ‘ಸಿ’ ಆಗುವ ಕಥೆಯನ್ನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ತಪ್ಪು ಪ್ರೆಸ್ಸಿನದೂ ಅಲ್ಲ, ಫಾಂಟಿನದೂ ಅಲ್ಲ. ರೇಷ್ಮೆ ಉಟ್ಟುಕೊಂಡು ಕೆಸರಿಗೆ ಇಳಿದ ಹಾಗಾಗಿದೆ, ಅಷ್ಟೆ.

ಮೊದಲು ಲೆಕ್ಕ ಹಾಕೋಣ. ಫಾಂಟ್ ಮಾಡುವವರು ಸಾಮಾನ್ಯವಾಗಿ ಅಕ್ಷರವನ್ನು 1000 ಭಾಗ ಮಾಡಿದ ಚೌಕದಲ್ಲಿ ಬರೆಯುತ್ತಾರೆ. ನಿಮ್ಮ ಫಾಂಟಿನ ಸಣ್ಣ ಗೆರೆ ಅದರಲ್ಲಿ 20 ಭಾಗ ದಪ್ಪ ಇದೆ ಅಂತ ಇಟ್ಟುಕೊಳ್ಳಿ. 72 ಪಾಯಿಂಟಿನಲ್ಲಿ ಅದು 1.44 ಪಾಯಿಂಟ್ ಆಯಿತು, ಅಂದರೆ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ಗಟ್ಟಿಮುಟ್ಟಾದ ಗೆರೆ. ಅದನ್ನೇ 8 ಪಾಯಿಂಟಿಗೆ ಇಳಿಸಿದರೆ 0.16 ಪಾಯಿಂಟ್, ಮಿಲಿಮೀಟರಿನಲ್ಲಿ 0.056. ಗೆರೆ 0.25 ಪಾಯಿಂಟಿಗಿಂತ ಸಣ್ಣ ಇರಬಾರದು, ಕಪ್ಪಿನ ಮೇಲೆ ಬಿಳಿಯಾದರೆ 0.5ಕ್ಕಿಂತ ಸಣ್ಣ ಬೇಡ ಅಂತ ಬಹಳ ಪ್ರೆಸ್ಸುಗಳು ಹೇಳುತ್ತವೆ. ನೀವು ಎಲ್ಲಿದ್ದೀರಿ ನೋಡಿ.

400 ಪರ್ಸೆಂಟ್ ಹಿಗ್ಗಿಸಿದಾಗ ನೀವು ನೋಡಿದ್ದು 8 ಪಾಯಿಂಟಿನ ಅಕ್ಷರವನ್ನಲ್ಲ, 32 ಪಾಯಿಂಟಿನದನ್ನು. ಕಾಗದವನ್ನು ಹಾಗೆ ಯಾರೂ ಹಿಗ್ಗಿಸಿ ಓದುವುದಿಲ್ಲ.

ಬಿಳಿ ಪುಟದಲ್ಲಿ ಉಳಿದುಕೊಂಡದ್ದು ಕಪ್ಪು ಪುಟದಲ್ಲಿ ಯಾಕೆ ಹೋಯಿತು ಅಂದರೆ, ಕಪ್ಪು ಪುಟದಲ್ಲಿ ಅಚ್ಚಾಗುವುದು ಅಕ್ಷರವೇ ಅಲ್ಲ. ಅದರ ಸುತ್ತಲಿನ ಕಪ್ಪು. ಶಾಯಿ ಕಾಗದದ ಮೇಲೆ ಕೊಂಚ ಹರಡಿಯೇ ಹರಡುತ್ತದೆ. ಕಪ್ಪು ಅಕ್ಷರಕ್ಕೆ ಅದು ಉಪಕಾರ, ಸೊರಗಿದ ಗೆರೆ ಸ್ವಲ್ಪ ಮೈ ತುಂಬಿಕೊಳ್ಳುತ್ತದೆ. ಬಿಳಿ ಅಕ್ಷರಕ್ಕೆ ಎರಡು ಕಡೆಯಿಂದಲೂ ಕಪ್ಪು ನುಗ್ಗಿ ಬರುತ್ತದೆ. ಇನ್ನೊಂದು ಅನುಮಾನ: ನಿಮ್ಮ ಕಪ್ಪು ಯಾವ ಕಪ್ಪು? ಬರೀ ಕಪ್ಪು ಶಾಯಿಯಾ, ಇಲ್ಲ ನಾಲ್ಕೂ ಶಾಯಿ ಬೆರೆಸಿದ್ದಾ? ನಾಲ್ಕಾದರೆ ಶಾಯಿಗೊಂದರಂತೆ ನಾಲ್ಕು ಪ್ಲೇಟು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು. ಒಂದು ಪ್ಲೇಟು 0.1 ಮಿಲಿಮೀಟರ್ ಆಚೀಚೆ ಸರಿದರೂ ಸಾಕು, ನಿಮ್ಮ 0.056ರ ಗೆರೆ ಪೂರ್ತಿ ಮುಚ್ಚಿಹೋಗುತ್ತದೆ.

ಈಗ ಸ್ಟ್ರೋಕ್. ಬೆಂಕಿ ಬಿದ್ದಾಗ ಕೈಗೆ ಸಿಕ್ಕ ಕೊಡ ಎತ್ತಿಕೊಳ್ಳುವ ಹಾಗೆ, ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು ಅಂದಾಗ ನಾನೂ ಮಾಡಿದ್ದೇನೆ. ಆದರೆ ಅದು ಗೆರೆಯನ್ನಷ್ಟೇ ದಪ್ಪ ಮಾಡಿ ಸುಮ್ಮನಾಗುವುದಿಲ್ಲ. 0.16 ಇದ್ದದ್ದು 0.41 ಆಗುತ್ತದೆ, ಸರಿ. ಜೊತೆಗೆ ‘ಇ’ಯ ಕಣ್ಣು, ಅಂದರೆ ಒಳಗಿನ ಖಾಲಿ ಜಾಗ, ಅಷ್ಟೇ ಮುಚ್ಚಿಕೊಳ್ಳುತ್ತದೆ, ಅಕ್ಷರಗಳ ನಡುವಿನ ಸಂದು ಅಷ್ಟೇ ಕಿರಿದಾಗುತ್ತದೆ. ಸಣ್ಣ ಅಳತೆಯಲ್ಲಿ ಬೇಕಾದದ್ದು ಇದರ ತದ್ವಿರುದ್ಧ. ಗೆರೆ ದಪ್ಪ ಆಗಬೇಕು, ಕಣ್ಣು ಅಗಲ ತೆರೆಯಬೇಕು, ಸಂದು ಹಿಗ್ಗಬೇಕು. ಇದನ್ನು ಸಾಫ್ಟ್‌ವೇರಿನ ಒಂದು ಗುಂಡಿ ಒತ್ತಿ ಮಾಡಲಾಗುವುದಿಲ್ಲ. ಅಕ್ಷರವನ್ನೇ ಬೇರೆ ಬರೆಯಬೇಕು.

ಹಿಂದೆ ಹಾಗೇ ಮಾಡುತ್ತಿದ್ದರು. 1780ರ ದಶಕದಲ್ಲಿ ಪ್ಯಾರಿಸಿನಲ್ಲಿ ಫಿರ್ಮ್ಯಾಂ ಡಿಡೊ, ಇಟಲಿಯ ಪಾರ್ಮಾದಲ್ಲಿ ಬೊಡೋನಿ ಅನ್ನುವ ಮುದ್ರಕರು ಈ ದಪ್ಪ-ಸಣ್ಣದ ಆಟವನ್ನು ತುದಿ ಮುಟ್ಟಿಸುತ್ತಾ ಹೋದರು. ಈ ಗುಂಪಿಗೆ ಡಿಡೋನ್ ಅಂತ ಹೆಸರು ಬಂದಿದ್ದೇ ಇಬ್ಬರ ಹೆಸರು ಕಲಸಿ. ಅವರ ಕಾಲದಲ್ಲಿ ಪ್ರತಿ ಅಳತೆಗೂ ಉಕ್ಕಿನ ಅಚ್ಚನ್ನು ಬೇರೆಯಾಗಿ, ಕೈಯಲ್ಲೇ ಕೆತ್ತಬೇಕಿತ್ತು. ಚಿಕ್ಕದರಲ್ಲಿ ಕೂದಲೆಳೆ ಬಿಡಿಸಿದರೆ ಮೊಳೆ ಮುರಿಯುತ್ತದೆ, ಅಚ್ಚೂ ಏಳುವುದಿಲ್ಲ ಅಂತ ಕೆತ್ತುವವನ ಕೈಗೇ ಗೊತ್ತಿತ್ತು. ಅದಕ್ಕೆ ಅವನು ತಾನಾಗಿಯೇ ಗೆರೆ ದಪ್ಪ ಇಡುತ್ತಿದ್ದ. ನಾನು ಹೊಸಬಳಿದ್ದಾಗ ಒಂದೇ ಹೆಸರಿನ ಎರಡು ಪೆಟ್ಟಿಗೆಗಳಿಂದ 8 ಪಾಯಿಂಟಿನದೊಂದು ‘ಎ’, 48 ಪಾಯಿಂಟಿನದೊಂದು ‘ಎ’ ತೆಗೆದು ಭೂತಗನ್ನಡಿ ಹಿಡಿದು ನೋಡಿದ್ದೆ. ಅಕ್ಕತಂಗಿ ಅನ್ನಬಹುದಿತ್ತು, ಒಬ್ಬಳೇ ಅನ್ನುವ ಹಾಗಿರಲಿಲ್ಲ. ದೊಡ್ಡ ಮೊಳೆಗಳಲ್ಲಿ ತುದಿಯ ಸಣ್ಣ ಸೆರಿಫ್ (ಗೆರೆಯ ಕೊನೆಯ ಪುಟ್ಟ ಚಾಚು) ಹಾರಿಹೋದವು ಇದ್ದೇ ಇರುತ್ತಿದ್ದವು. ಅವನ್ನು ಹುಡುಕಿ ಹುಡುಕಿ ಪಕ್ಕಕ್ಕಿಡುವುದು ನನ್ನ ಕೆಲಸ.

ಫೋಟೋಟೈಪ್‌ಸೆಟ್ಟಿಂಗ್ ಬಂದ ಮೇಲೆ ಆ ಪಾಠ ಮರೆತುಹೋಯಿತು. ಒಂದೇ ನೆಗೆಟಿವ್, ಲೆನ್ಸ್ ಹಿಂದೆ ಮುಂದೆ ಸರಿಸಿದರೆ ಎಲ್ಲ ಅಳತೆಯೂ ಬರುತ್ತಿತ್ತು. ಕಂಪ್ಯೂಟರಿನ ಫಾಂಟುಗಳೂ ಅದೇ ದಾರಿ ಹಿಡಿದವು. ಕಷ್ಟ ಗೊತ್ತಾದವರು ವಾಪಸ್ ಬಂದರು. 1990ರ ದಶಕದ ಶುರುವಿನಲ್ಲಿ ‘ಹಾರ್ಪರ್ಸ್ ಬಜಾರ್’ ಪತ್ರಿಕೆಗಾಗಿ ಜೋನಥನ್ ಹೆಫ್ಲರ್ ಮಾಡಿದ ಡಿಡೊ ಫಾಂಟಿನಲ್ಲಿ ಪ್ರತಿ ಶೈಲಿಯೂ ಏಳು ಅಳತೆಗಳಿಗೆ ಬೇರೆಬೇರೆಯಾಗಿ ಇದೆ, 6 ಪಾಯಿಂಟಿನಿಂದ 96ರವರೆಗೆ. 1994ರ ಐಟಿಸಿ ಬೊಡೋನಿಯಲ್ಲಿ 6, 12, 72 ಅಂತ ಮೂರು. ಈಗ ವೇರಿಯೇಬಲ್ ಫಾಂಟ್ ಬಂದಿದೆ, ಒಂದೇ ಫೈಲಿನಲ್ಲಿ ಆಪ್ಟಿಕಲ್ ಸೈಜ್ ಅನ್ನುವ ಅಳತೆಗೋಲು ಇರುತ್ತದೆ, ಅದನ್ನು ಸರಿಸಿದರೆ ಆ ಅಳತೆಗೆ ತಕ್ಕ ಹಾಗೆ ಅಕ್ಷರದ ರೂಪವೇ ಬದಲಾಗುತ್ತದೆ. ಬೊಡೋನಿ ಮೋಡ (Bodoni Moda) ಅಂತ ಒಂದು ಉಚಿತವಾಗಿಯೇ ಸಿಗುತ್ತದೆ, ಅದರಲ್ಲಿ 6ರಿಂದ 96ರವರೆಗೆ ಇದೆ. ಅಡಿಬರಹಕ್ಕೆ ಅದನ್ನು 8ಕ್ಕೆ ಇಟ್ಟು, ಒಂದು ಪುಟ ಅಚ್ಚು ಹಾಕಿಸಿ ನೋಡಿ. ಅದರ ಆಪ್ಟಿಕಲ್ ಸೈಜ್ ತಾನಾಗಿ ಬದಲಾಗುತ್ತಿದೆಯಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಕೆಲವು ಪುಟವಿನ್ಯಾಸದ ಸಾಫ್ಟ್‌ವೇರಿನಲ್ಲಿ ಅದನ್ನು ಕೈಯಲ್ಲೇ ಬದಲಿಸಬೇಕಾಗುತ್ತದೆ.

72 ಪಾಯಿಂಟಿನ ಹೆಸರಿಗೆ ಕೈ ಹಚ್ಚಬೇಡಿ. ಅದು ಸರಿಯಾದ ಜಾಗದಲ್ಲೇ ಇದೆ.

ಕಾಗದಹುಳು

ಮೇಡಂ, ಒಂದು ತಕರಾರು. ಬೊಡೋನಿ ಇಡೀ ಪುಸ್ತಕಗಳನ್ನೇ ಈ ಅಕ್ಷರದಲ್ಲಿ ಅಚ್ಚು ಹಾಕಿದ್ದನಲ್ಲ? ಹಾಗಿದ್ದ ಮೇಲೆ ಓದುವ ಬರಹಕ್ಕೆ ಇದು ಆಗಲ್ಲ, ಕಣ್ಣು ನೋಯುತ್ತೆ ಅನ್ನೋದು ಬರೀ ಬಾಯಿಮಾತಾ?

ಮೊಳೆಪೆಟ್ಟಿಗೆ

ಒಳ್ಳೇ ತಕರಾರು. ಅರ್ಧ ಬಾಯಿಮಾತು, ಅರ್ಧ ನಿಜ.

ಬಾಯಿಮಾತಿನ ಕಥೆ ಮೊದಲು. ಬೊಡೋನಿಗಿಂತ ಮುಂಚೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಬಾಸ್ಕರ್‌ವಿಲ್ ಇದ್ದ. ಅವನ ಅಕ್ಷರದಲ್ಲಿ ದಪ್ಪ-ಸಣ್ಣದ ಅಂತರ ಆಗಿನ ರೂಢಿಗಿಂತ ಜಾಸ್ತಿ ಇತ್ತು, ಬೊಡೋನಿಯಷ್ಟಲ್ಲ. 1757ರಲ್ಲಿ ಮೊದಲ ಪುಸ್ತಕ ತಂದ. ನುಣುಪು ಕಾಗದ, ಮಿರಿಮಿರಿ ಕಪ್ಪು ಶಾಯಿ. ಇದನ್ನು ಓದಿದರೆ ದೇಶವೇ ಕುರುಡಾಗುತ್ತದೆ ಅಂತ ಒಬ್ಬರು ದೂರಿದರಂತೆ. ಬೆಂಜಮಿನ್ ಫ್ರಾಂಕ್ಲಿನ್, ಅವನೂ ಮುದ್ರಕನೇ, ಆ ಮನುಷ್ಯನಿಗೆ ಒಂದು ಅಕ್ಷರಗಳ ಮಾದರಿ ಹಾಳೆಯನ್ನು ಬಾಸ್ಕರ್‌ವಿಲ್‌ನದೇ ಅಂತ ಕೊಟ್ಟು, ಇದರಲ್ಲಿ ತಪ್ಪು ತೋರಿಸಿ ಅಂದ. ಆತ ಸಾಲುಸಾಲಾಗಿ ತೋರಿಸಿದ, ಕಣ್ಣು ನೋಯುತ್ತಿದೆ ಅಂತಲೂ ಹೇಳಿದ. ಹಾಳೆ ಬಾಸ್ಕರ್‌ವಿಲ್‌ನದಲ್ಲ, ಎಲ್ಲರೂ ನಿತ್ಯ ಓದುತ್ತಿದ್ದ ಕ್ಯಾಸ್ಲನ್ ಅಕ್ಷರದ್ದು. ಮೇಲಿನ ಹೆಸರನ್ನು ಫ್ರಾಂಕ್ಲಿನ್ ಹರಿದು ಹಾಕಿದ್ದ. 1760ರಲ್ಲಿ ಬಾಸ್ಕರ್‌ವಿಲ್‌ಗೆ ಬರೆದ ಪತ್ರದಲ್ಲಿ ಇದನ್ನೆಲ್ಲ ಅವನೇ ಹೇಳಿಕೊಂಡಿದ್ದಾನೆ. ನನಗೆ ಬಹಳ ಇಷ್ಟದ ಕಿತಾಪತಿ ಇದು.

ಇನ್ನು ನಿಜದ ಭಾಗ. ಬೊಡೋನಿ ದೊಡ್ಡ ಅಳತೆ, ದಂಡಿಯಾಗಿ ಬಿಟ್ಟ ಅಂಚು, ಸಾಲುಗಳ ನಡುವೆ ಧಾರಾಳ ಜಾಗ, ಒಳ್ಳೇ ಕಾಗದ ಇವೆಲ್ಲ ಇಟ್ಟುಕೊಂಡು ಅಚ್ಚು ಹಾಕುತ್ತಿದ್ದ. ಓದುವ ಅಳತೆಗೆ ಬೇರೆಯೇ ಕೆತ್ತುತ್ತಿದ್ದ. ಒಂದಕ್ಕೊಂದು ಕೂದಲೆಳೆ ವ್ಯತ್ಯಾಸದ ಅಕ್ಷರಗಳನ್ನು ಜೀವನಪೂರ್ತಿ ಕೆತ್ತಿದವನು. ಅವನು ಸತ್ತ ಐದು ವರ್ಷಕ್ಕೆ, 1818ರಲ್ಲಿ, ಹೆಂಡತಿ ಹೊರತಂದ ಮಾದರಿ ಪುಸ್ತಕವೇ ಎರಡು ಸಂಪುಟ ಆಯಿತು. ನಾವು ಅವನ 72 ಪಾಯಿಂಟಿನ ಚೆಲುವನ್ನು ಕುಗ್ಗಿಸಿ, ಇಕ್ಕಟ್ಟು ಅಂಕಣದಲ್ಲಿ ತುರುಕಿ, ಓದಕ್ಕಾಗಲ್ಲ ಅಂದರೆ ಏನು ಹೇಳೋದು?

ಆದರೂ ಒಂದು ಮಾತು ಒಪ್ಪಲೇಬೇಕು. ಇಂಥ ಅಕ್ಷರದಲ್ಲಿ ಉದ್ದ ಬರಹ ಇಟ್ಟರೆ ಕಣ್ಣಿಗೆ ಕಾಣುವುದು ನಿಂತ ಗೆರೆಗಳ ಬೇಲಿ. ಅಕ್ಷರವನ್ನು ಪಕ್ಕದ ಅಕ್ಷರಕ್ಕೆ ಕಟ್ಟುವುದು ಕಮಾನು, ಅಡ್ಡಗೆರೆಗಳು. ಅವೇ ಸೊರಗಿದರೆ ಪದ ಬಿಡಿಬಿಡಿಯಾಗುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಮೆರಿಕದ ಮುದ್ರಕ ಡಿ ವಿನ್ನೆಯದೂ ಇದೇ ಗೋಳು. ಆಗ ಚಾಲ್ತಿಯಲ್ಲಿದ್ದ ಅಕ್ಷರಗಳು ತೀರಾ ಸಣಕಲು ಅಂತ. ‘ಸೆಂಚುರಿ’ ಪತ್ರಿಕೆಗೆ ಲಿನ್ ಬಾಯ್ಡ್ ಬೆಂಟನ್ ಜೊತೆ ಸೇರಿ 1894ರಲ್ಲಿ ಸಣ್ಣ ಗೆರೆಗಳನ್ನು ದಪ್ಪ ಮಾಡಿದ ಹೊಸ ಅಕ್ಷರ ಮಾಡಿಸಿದ. ಇವತ್ತಿಗೂ ಸೆಂಚುರಿ ಕುಟುಂಬ ಬಳಕೆಯಲ್ಲಿದೆ. ಕೆಟಲಾಗಿನಲ್ಲಿ ಉದ್ದನೆ ಮುನ್ನುಡಿ ಇದ್ದರೆ ನಾನು ಅದನ್ನೇ ಇಡುತ್ತೇನೆ. ಡಿಡೋನ್ ಜೊತೆ ಜಗಳ ಆಡುವುದಿಲ್ಲ, ನಿಲುವು ಒಂದೇ, ಮೈಕಟ್ಟು ಮಾತ್ರ ಗಟ್ಟಿ.

ಒತ್ತಕ್ಷರ

ನಡುವೆ ಬಾಯಿ ಹಾಕುತ್ತಿದ್ದೇನೆ. ಕನ್ನಡ ಅಕ್ಷರವನ್ನೂ ಹೀಗೇ ದಪ್ಪ-ಸಣ್ಣ ಮಾಡಿ ಶೀರ್ಷಿಕೆಗೆ ಬಿಡಿಸಬೇಕು ಅಂತ ನನಗೊಂದು ಹುಚ್ಚು. ಲ್ಯಾಟಿನ್ ಅಕ್ಷರದ ನಿಯಮ ತಂದು ಇಟ್ಟರೆ ‘ರ’, ‘ಠ’ ಎರಡೂ ಗಾಳಿ ಹೋದ ಟೈರಿನ ಹಾಗೆ ಕಾಣುತ್ತಿವೆ. ಯಾಕಿರಬಹುದು?

ಮೊಳೆಪೆಟ್ಟಿಗೆ

ಲ್ಯಾಟಿನ್‌ನಲ್ಲಿ ದಪ್ಪಗೆರೆಗೆ ಕೂರಲು ಕಂಬ ಇದೆ. ‘ಎಚ್’ ಅಂದರೆ ಎರಡು ಕಂಬ, ಸಣ್ಣ ‘ಎಂ’ ಅಂದರೆ ಮೂರು. ನಮ್ಮಲ್ಲಿ ಕಂಬ ಎಲ್ಲಿದೆ? ಎಲ್ಲ ಸುತ್ತು, ಕೊಂಡಿ, ತಲೆಕಟ್ಟು. ಸುತ್ತಿನ ಎಡ ಬಲ ಎರಡೂ ಬದಿ ದಪ್ಪ ಮಾಡಿ, ಮೇಲೆ ಕೆಳಗೆ ಕೂದಲೆಳೆ ಮಾಡಿದರೆ ಒಂದು ಪದದಲ್ಲಿ ಹತ್ತು ಕಡೆ ಹಾಗೇ ಆಗುತ್ತದೆ. ಟೈರ್ ಸಾಲೇ ಆಗೋದು. ಮೊದಲು ಚಪ್ಪಟೆ ಮೂತಿಯ ಪೆನ್ ಹಿಡಿದು, ಆಮೇಲೆ ಒತ್ತಿದರೆ ಬಾಗುವ ಚೂಪು ನಿಬ್ ಹಿಡಿದು ‘ರ’ ಬರೆಯಿರಿ. ಚಪ್ಪಟೆ ಪೆನ್ನಿನಲ್ಲಿ ದಪ್ಪ ಬರುವುದು ಹಿಡಿದ ಕೋನದಿಂದ, ಚೂಪು ನಿಬ್ಬಿನಲ್ಲಿ ಕೈ ಒತ್ತಿದ್ದರಿಂದ. ಡಿಡೋನ್ ಎರಡನೆಯದರ ಮಗು. ಕೈ ಎಲ್ಲಿ ತಾನಾಗಿ ಒತ್ತುತ್ತದೆ ನೋಡಿ, ದಪ್ಪವನ್ನು ಅಲ್ಲಿಡಿ.

ನಿಮ್ಮ ಹೆಸರಿನದ್ದೇ ಇನ್ನೊಂದು ಪೇಚು ಇದೆ. ಒತ್ತಕ್ಷರ ಮೇಲಿನ ಅಕ್ಷರಕ್ಕಿಂತ ಚಿಕ್ಕದು. ಮೇಲಿನದನ್ನೇ ಕುಗ್ಗಿಸಿ ಕೆಳಗೆ ಇಟ್ಟರೆ ಕೂದಲೆಳೆ ಇನ್ನೂ ಸಣ್ಣ ಆಗಿ, ‘ಸ್ತ್ರೀ’ ಅಂತ ಬರೆದಾಗ ಕೆಳಗಿನದು ಸೊರಗಿ ಹೋಗುತ್ತದೆ. ಒಂದೇ ಪದದೊಳಗೆ ಎರಡು ಅಳತೆ ಅನ್ನಿ. ಒತ್ತುಗಳನ್ನು ಬೇರೆಯೇ ಬಿಡಿಸಬೇಕು, ಕುಗ್ಗಿಸುವಂತಿಲ್ಲ.

ಹೊಸ ಚರ್ಚೆ ಶುರು ಮಾಡಿ, ಅಲ್ಲಿ ಚಿತ್ರ ಹಾಕಿ. ನೋಡುತ್ತೇನೆ.

ಪುಟಕಟ್ಟುವವ

ಎಲ್ಲರಿಗೂ ಥ್ಯಾಂಕ್ಸ್. ಮೊಳೆಪೆಟ್ಟಿಗೆ ಅಕ್ಕ, ನಿಮ್ಮ ಅನುಮಾನ ಸರಿ. ಕಪ್ಪು ನಾಲ್ಕು ಶಾಯಿಯದೇ. ಸಯಾನ್ 60, ಮಜೆಂಟಾ 40, ಹಳದಿ 40, ಕಪ್ಪು 100. ಗಾಢವಾಗಿ ಕಾಣಲಿ ಅಂತ ಎಲ್ಲೋ ನೋಡಿದ್ದನ್ನು ಹಾಗೇ ಹಾಕಿದ್ದೆ. ಈಗ ಬರೀ ಕಪ್ಪು ಶಾಯಿ ಮಾಡಿದರೆ ಅಕ್ಷರ ಉಳಿಯುತ್ತದೆ, ಆದರೆ ಹಿನ್ನೆಲೆ ಪಕ್ಕದ ಫೋಟೋದ ಕಪ್ಪಿನ ಮುಂದೆ ಬೂದಿ ಬಳಿದ ಹಾಗಿದೆ. ಗೆಳೆಯ ಅದಕ್ಕೆ ಒಪ್ಪುತ್ತಿಲ್ಲ.

ಇನ್ನೊಂದು, ಮುಖಪುಟದ ಹೆಸರನ್ನು ಫೋಟೋ ಮೇಲೆಯೇ ಇಡೋಣ ಅಂತಿದ್ದಾನೆ. ಮಂಜು ಕವಿದ ಬೆಟ್ಟದ ಫೋಟೋ.

ಮೊಳೆಪೆಟ್ಟಿಗೆ

ಹಿನ್ನೆಲೆಗೆ ಕಪ್ಪು 100, ಸಯಾನ್ 40 ಇಡಿ, ಉಳಿದೆರಡು ತೆಗೆದುಬಿಡಿ. ಅಕ್ಷರದ ಸುತ್ತ ಸಯಾನನ್ನು ಮಾತ್ರ ಒಂಚೂರು ಹಿಂದಕ್ಕೆ ಸರಿಸಿ ಅಂತ ಪ್ರೆಸ್ಸಿಗೆ ಹೇಳಿ, ಅವರಿಗೆ ಇದು ಗೊತ್ತಿರುವ ಕೆಲಸ. ಆಗ ಅಕ್ಷರದ ಅಂಚು ಕಾಯುವುದು ಕಪ್ಪು ಪ್ಲೇಟು ಒಂದೇ. ಸಯಾನ್ ಸ್ವಲ್ಪ ಸರಿದರೂ ಕಾಣಿಸುವುದಿಲ್ಲ.

ಮಂಜಿನ ಮೇಲೆ ಹೆಸರು ಬೇಡ. ಮಂಜು ಅಂದರೆ ನಡು ಬೂದು. ಕಪ್ಪು ಅಕ್ಷರ ಇಟ್ಟರೂ ಬಿಳಿ ಇಟ್ಟರೂ ದಪ್ಪ ಗೆರೆಗಳಷ್ಟೇ ಉಳಿದು ಸಣ್ಣವು ಮಂಜಿಗೆ ಸೇರಿಹೋಗುತ್ತವೆ. ನೆರಳು ಕೊಡೋಣ, ಹೊಳಪು ಕೊಡೋಣ ಅಂತ ಯಾರಾದರೂ ಅಂದರೆ ಕಿವಿ ಮುಚ್ಚಿಕೊಳ್ಳಿ. ಫೋಟೋವನ್ನು ಕೆಳಗಿಳಿಸಿ, ಮೇಲೆ ಬಿಳಿ ಜಾಗ ಬಿಟ್ಟು ಅಲ್ಲಿ ಹೆಸರಿಡಿ. ದೊಡ್ಡಕ್ಷರಗಳಲ್ಲಿ ಇಟ್ಟಿದ್ದರೆ ನಡುನಡುವೆ ಸ್ವಲ್ಪ ಉಸಿರಾಡಲು ಜಾಗ ಕೊಡಿ, ಸಣ್ಣಕ್ಷರಗಳಾದರೆ ಮುಟ್ಟಬೇಡಿ.

ಅವಸರದಬಣ್ಣ

ಸ್ಟ್ರೋಕ್ ವಿಷಯ ಒಪ್ಪಿಕೊಂಡೆ. ನನ್ನ ಹಳೇ ಕೆಲಸ ಒಂದನ್ನು ಈಗ ತೆಗೆದು ನೋಡಿದೆ. ‘ಎ’ಗಳ ಕಣ್ಣೆಲ್ಲ ಮುಚ್ಚಿದೆ. ಇಷ್ಟು ದಿನ ಕಾಗದ ಸರಿಯಿಲ್ಲ ಅಂದುಕೊಂಡಿದ್ದೆ.

ವೆಬ್‌ಸೈಟಿಗೂ ಇದೇ ಲೆಕ್ಕವಾ?

ಮೊಳೆಪೆಟ್ಟಿಗೆ

ಅದೇ ಲೆಕ್ಕ. 16 ಪಿಕ್ಸೆಲ್ ಅಕ್ಷರದಲ್ಲಿ 20 ಭಾಗದ ಗೆರೆ ಅಂದರೆ 0.32 ಪಿಕ್ಸೆಲ್. ಮೂರನೇ ಒಂದು ಪಿಕ್ಸೆಲ್ ಬೆಳಗಿಸಲು ಆಗುವುದಿಲ್ಲವಲ್ಲ, ಅದಕ್ಕೆ ಪರದೆ ಒಂದಿಡೀ ಪಿಕ್ಸೆಲನ್ನು ಮಂಕು ಬೂದು ಮಾಡುತ್ತದೆ. ಗೆರೆ ಹೋಗುವುದಿಲ್ಲ, ಮಸುಕಾಗುತ್ತದೆ. ಒತ್ತೊತ್ತಾಗಿ ಪಿಕ್ಸೆಲ್ ಇರುವ ಫೋನುಗಳಲ್ಲಿ ಪರವಾಗಿಲ್ಲ, ಹಳೇ ಮಾನಿಟರಿನಲ್ಲಿ ತೆರೆದು ನೋಡಿ ಗೊತ್ತಾಗುತ್ತೆ. ಆಪ್ಟಿಕಲ್ ಸೈಜ್ ಇರುವ ವೇರಿಯೇಬಲ್ ಫಾಂಟ್ ಹಾಕಿದರೆ ಬ್ರೌಸರ್ ತಾನೇ ಅಳತೆ ನೋಡಿ ಬದಲಿಸುತ್ತದೆ.

ಪುಟಕಟ್ಟುವವ

ಎರಡನೇ ಫಾರಂ ಬಂತು. ಅಡಿಬರಹಕ್ಕೆ ಬೊಡೋನಿ ಮೋಡ, ಆಪ್ಟಿಕಲ್ ಸೈಜ್ 8. ಹಿನ್ನೆಲೆ ಕಪ್ಪು 100, ಸಯಾನ್ 40. ‘ಇ’ ಮತ್ತೆ ‘ಇ’ ಆಗಿದೆ, ಭೂತಗನ್ನಡಿ ಹಿಡಿದೇ ನೋಡಿದೆ. ಕಪ್ಪಿನ ಮೇಲಿರುವ ಅಡಿಬರಹಗಳನ್ನು ಅರ್ಧ ಪಾಯಿಂಟ್ ದೊಡ್ಡದು ಮಾಡಿ, ಮೀಡಿಯಂ ತೂಕ (ಒಂಚೂರು ದಪ್ಪ ಗೆರೆ) ಕೊಟ್ಟೆ. ಆಗ ಬಿಳಿ ಪುಟದವಕ್ಕೆ ಸರಿಸಮ ಕಂಡವು. ಮುಖಪುಟದಲ್ಲಿ ಬೆಟ್ಟ ಕೆಳಗಿಳಿದಿದೆ, ಹೆಸರು ಮೇಲಿದೆ.

ಒಂದೇ ಪೇಚು. ಚಿಕ್ಕ ಅಳತೆಯ ಅಕ್ಷರ ಅಗಲ ಜಾಸ್ತಿ ಅಂತ ನೀವು ಹೇಳಿದ್ದು ಈಗ ಕೈಗೆ ಹತ್ತುತ್ತಿದೆ. ಎರಡು ಸಾಲಿನ ಅಡಿಬರಹಗಳಲ್ಲಿ ಆರು ಮೂರನೇ ಸಾಲಿಗೆ ಜಾರಿವೆ. ಐದನ್ನು ಹೇಗೋ ಸರಿ ಮಾಡಿದೆ. ಪುಟ 31ರಲ್ಲಿ ಒಂದೇ ಒಂದು ಪದ ಕೆಳಗೆ ಒಂಟಿಯಾಗಿ ನಿಂತಿದೆ. ವಾಕ್ಯದಲ್ಲಿ ಒಂದು ಪದ ಕಡಿಮೆ ಮಾಡು ಅಂದರೆ ಗೆಳೆಯ ಕೇಳುತ್ತಿಲ್ಲ, ಫೋಟೋ ಅರ್ಧ ಸೆಂಟಿಮೀಟರ್ ಕತ್ತರಿಸಲೂ ಬಿಡುತ್ತಿಲ್ಲ. ಸದ್ಯಕ್ಕೆ ಜಗಳ ಅಲ್ಲಿಗೆ ಬಂದು ನಿಂತಿದೆ.